ಬೆಂಕಿ ಎಲ್ಲಿದೆ ಅಂತ ಗೊತ್ತು, ಎತ್ತ ಹೋಗುತ್ತೆ?

ಫೆಬ್ರವರಿ ಬಂತೆಂದರೆ ಕೊಡಗಿನಲ್ಲಿ ಎರಡು ಪ್ರಶ್ನೆ ಜಾಸ್ತಿ ಕೇಳಿಬರುತ್ತವೆ. ಕಾಫಿಗೆ ಹೂಮಳೆ ಯಾವಾಗ? ಈ ಸಲ ಕಾಡಿಗೆ ಬೆಂಕಿ ಎಲ್ಲಿ? ಮೊದಲನೆಯದಕ್ಕೆ ತೋಟದವರೆಲ್ಲ ಒಂದೊಂದು ಅಂದಾಜು ಹೇಳುತ್ತಾರೆ. ಎರಡನೆಯದಕ್ಕೆ ಈಗ ಉಪಗ್ರಹವೇ ಉತ್ತರ ಕೊಡುತ್ತದೆ. ಆದರೆ ಹೊತ್ತಿಕೊಂಡ ಬೆಂಕಿ ಇನ್ನೆರಡು ಗಂಟೆಯಲ್ಲಿ ಎತ್ತ ಹೋಗುತ್ತದೆ, ಎಷ್ಟು ಜೋರಾಗಿ ಹೋಗುತ್ತದೆ, ಆರಿಸುವವರು ಎಲ್ಲಿ ನಿಂತರೆ ಕ್ಷೇಮ? ಇದನ್ನು ಲೆಕ್ಕ ಹಾಕಿ ಹೇಳುವುದಕ್ಕೇ ಕೆಲವು ದೇಶಗಳಲ್ಲಿ ಬೆಂಕಿ ವಿಶ್ಲೇಷಕರು ಎಂಬ ಪ್ರತ್ಯೇಕ ತಜ್ಞರಿದ್ದಾರೆ. ನಮ್ಮಲ್ಲೂ ಅಂಥವರು ಬೇಕು ಅನ್ನುವ ಮಾತು ಪ್ರತಿ ದೊಡ್ಡ ಬೆಂಕಿಯ ನಂತರ ಬರುತ್ತದೆ, ಮಳೆ ಬಿದ್ದ ಮೇಲೆ ಮರೆತುಹೋಗುತ್ತದೆ.

ಈ ತಜ್ಞತೆ ಶುರುವಾಗಿದ್ದು ಸಾವುಗಳಿಂದ. ಅಮೆರಿಕದಲ್ಲಿ 1910ರಲ್ಲಿ ಎರಡೇ ದಿನಕ್ಕೆ ಸುಮಾರು 30 ಲಕ್ಷ ಎಕರೆ ಸುಟ್ಟಿತು. 1935ರ ಹೊತ್ತಿಗೆ, ಬೆಂಕಿ ಕಂಡ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಅದನ್ನು ಹತೋಟಿಗೆ ತರಲೇಬೇಕು ಅನ್ನುವ ನಿಯಮವೇ ಬಂತು. ಬೆಂಕಿ ಹೇಗೆ ನಡೆಯುತ್ತದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. 1949ರ ಆಗಸ್ಟ್ 5ರಂದು ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ, ಪ್ಯಾರಾಚೂಟಿನಿಂದ ಇಳಿದ ತಂಡವೊಂದರ ಕಡೆಗೇ ಬೆಂಕಿ ತಿರುಗಿತು. ಎಲ್ಲರೂ ಹುಲ್ಲಿನ ಏರಿನಲ್ಲಿ ಮೇಲಕ್ಕೆ ಓಡಿದರು. ತಂಡದ ಮುಖಂಡ ವ್ಯಾಗ್ ಡಾಜ್ ಮಾತ್ರ ತನ್ನ ಮುಂದಿದ್ದ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಸುಟ್ಟ ಜಾಗದಲ್ಲಿ ಮಲಗಿ ಬದುಕಿದ. ಉಳಿದವರನ್ನೂ ಕರೆದ. ಯಾರೂ ಬರಲಿಲ್ಲ. 13 ಜನ ಸತ್ತರು. ಅದೇ ನವೆಂಬರಿನಲ್ಲಿ, ಬೆಂಕಿ ಹಾಗೆ ಯಾಕೆ ತಿರುಗಿತು ಎಂದು ನೋಡಲು ಹೋದ ಸಂಶೋಧಕ ಹ್ಯಾರಿ ಗಿಸ್‌ಬೋರ್ನ್ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು.

1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ 11 ಜನ ಸತ್ತ ಮೇಲೆ ಸಮಿತಿ ಕೂತಿತು. ಬೆಂಕಿಯ ವರ್ತನೆಯನ್ನು ಪಾಠವಾಗಿ ಕಲಿಸಬೇಕು ಎಂದು 1957ರಲ್ಲಿ ಹೇಳಿತು. ಮೊಂಟಾನಾದ ಮಿಸೌಲಾ ಊರಿನ ಪ್ರಯೋಗಾಲಯದಲ್ಲಿ ಗಾಳಿಯ ಸುರಂಗ ಕಟ್ಟಿ, ಅದರೊಳಗೆ ಬೆಂಕಿ ಹಚ್ಚಿ ಅಳೆದರು. ವಿಮಾನ ಎಂಜಿನಿಯರಿಂಗ್ ಓದಿದ್ದ ರಿಚರ್ಡ್ ರಾಥರ್ಮೆಲ್ 1972ರಲ್ಲಿ ಬೆಂಕಿ ಹರಡುವ ವೇಗಕ್ಕೆ ಒಂದು ಸೂತ್ರ ಕೊಟ್ಟರು. ಇವತ್ತಿಗೂ ಎಷ್ಟೋ ಕಂಪ್ಯೂಟರ್ ಲೆಕ್ಕಗಳ ಬುಡದಲ್ಲಿ ಇರುವುದು ಅದೇ. ಅಲ್ಲಿ ಬೆಂಕಿ ವಿಶ್ಲೇಷಕ ಆಗಬೇಕಾದರೆ ಒಂದರ ಮೇಲೊಂದು ಹಲವು ಹಂತದ ಕೋರ್ಸ್ ಮುಗಿಸಬೇಕು. ಆಮೇಲೆ ನಿಜವಾದ ಬೆಂಕಿಯಲ್ಲಿ, ಅನುಭವಿಗಳ ಕಣ್ಣೆದುರು ಅಂದಾಜು ಹೇಳಿ ತೋರಿಸಬೇಕು. ಬರೀ ಪರೀಕ್ಷೆ ಪಾಸಾದರೆ ಸಾಲದು.

ನಮ್ಮ ಕಥೆ ಬೇರೆ ದಾರಿ ಹಿಡಿಯಿತು. ಬ್ರಿಟಿಷರ ಅರಣ್ಯ ಇಲಾಖೆ ಹುಟ್ಟಿದ 1864ರಿಂದಲೇ ಬೆಂಕಿಯನ್ನು ಕಾಡಿನ ಶತ್ರು ಎಂದು ನೋಡಲಾಯಿತು. 1927ರ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ ಎರಡೂ ಬೆಂಕಿ ಹಚ್ಚುವುದನ್ನು ಅಪರಾಧ ಮಾಡಿದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲೇ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹೆಚ್ಚಾಯಿತು, ಈಗ ಬೀಳುವ ಬೆಂಕಿ ಜೋರಾಯಿತು ಎಂದು ಅವರು ಹೇಳುತ್ತಾರೆ. ಸಂಶೋಧಕರಲ್ಲಿ ಇದರ ಬಗ್ಗೆ ಇನ್ನೂ ವಾದ ಇದೆ. ಅದೇನೇ ಇರಲಿ, ಯಾವಾಗ, ಯಾವ ಗಾಳಿಗೆ, ಯಾವ ಏರಿಗೆ ಕಿಡಿ ಕೊಡಬಹುದು ಎಂದು ಬಲ್ಲವರ ತಿಳಿವಳಿಕೆ ಕಾನೂನಿನ ಆಚೆಗೆ ಹೋಯಿತು. ಇಲಾಖೆಗೆ ಉಳಿದಿದ್ದು ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟಿ ಅಂದರೆ ಬೆಂಕಿ ರೇಖೆ, ಬೇಸಿಗೆಗೆಂದು ಇಟ್ಟುಕೊಳ್ಳುವ ಕಾವಲುಗಾರ ಅಂದರೆ ಫೈರ್ ವಾಚರ್, ಬೆಂಕಿ ಬಡಿಯಲು ಹಸಿ ಸೊಪ್ಪು.

ಹಾಗಂತ ಇವನ್ನು ಹಗುರವಾಗಿ ನೋಡಬಾರದು. ನಾಗರಹೊಳೆಯಲ್ಲಿ ಬೇಸಿಗೆ ಬಲಿಯುವ ಮೊದಲೇ ರೇಖೆ ಕಡಿದು, ಸುಟ್ಟು ಸಿದ್ಧ ಮಾಡುವುದು ಕಷ್ಟದ ಕೆಲಸ. ಅದಿಲ್ಲದಿದ್ದರೆ ಕಾಡು ಎಷ್ಟು ಉಳಿಯುತ್ತಿತ್ತೋ!

ದೊಡ್ಡ ಬದಲಾವಣೆ ಬಂದಿದ್ದು 2004ರಲ್ಲಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮೂಲಕ ಬೆಂಕಿಯ ಎಚ್ಚರಿಕೆ ಕೊಡಲು ಶುರು ಮಾಡಿತು. ಆಗ ಬಳಸಿದ ಮೋಡಿಸ್ ಉಪಕರಣಕ್ಕೆ ನೆಲದ ಒಂದು ಚುಕ್ಕೆ ಅಂದರೆ 1 ಕಿಲೋಮೀಟರ್ ಅಗಲ. ಆಮೇಲೆ ಬಂದ ವಿಯರ್ಸ್‌ಗೆ 375 ಮೀಟರ್. ಈಗ ಚುಕ್ಕೆ ಯಾವ ಬೀಟ್‌ನಲ್ಲಿದೆ (ಒಬ್ಬ ಅರಣ್ಯ ರಕ್ಷಕ ಕಾಯುವ ಕಾಡಿನ ಭಾಗ) ಅನ್ನುವುದು ಸಿಬ್ಬಂದಿಯ ಮೊಬೈಲಿಗೇ ಬರುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಉಪಗ್ರಹ ಕಾಡಿನ ಮೇಲೆ ಕಾವಲು ಕೂತಿರುವುದಿಲ್ಲ, ಹಾದುಹೋಗುತ್ತದೆ. ವಿಯರ್ಸ್ ಬರುವುದು ಮಧ್ಯಾಹ್ನ ಸುಮಾರು ಒಂದೂವರೆಗೆ, ಮತ್ತೆ ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಹೊತ್ತಿದ ಬೆಂಕಿ ಅದಕ್ಕೆ ಕಾಣುವುದು ನಡುರಾತ್ರಿ. ದಟ್ಟ ಮರದಡಿ ತರಗು ಮಾತ್ರ ಸುಡುತ್ತಿದ್ದರೆ ಕಾಣದೆಯೂ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಚುಕ್ಕೆಗೆ ಮುಖ ಇಲ್ಲ. ಬೆಂಕಿ ಯಾವ ಕಡೆ ನೋಡುತ್ತಿದೆ ಎಂದು ಅದು ಹೇಳುವುದಿಲ್ಲ.

ಕೊಡಗಿನಂಥ ಜಾಗದಲ್ಲಿ ಪ್ರಾಣ ಉಳಿಸುವುದು ಆ ಮಾಹಿತಿಯೇ. ಇಲ್ಲಿನ ನೆಲವನ್ನೇ ನೋಡಿ. ಏರು 10 ಡಿಗ್ರಿ ಹೆಚ್ಚಿದರೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ತಡಿಯಂಡಮೋಳ್, ಬ್ರಹ್ಮಗಿರಿ ಕಡೆಯ ಹುಲ್ಲುಬೆಟ್ಟಗಳಲ್ಲಿ ಇದು ಬಹಳ ಮುಖ್ಯ. ಬಿಸಿಲೇರಿದ ಮೇಲೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ, ಸಂಜೆ ತಿರುಗುತ್ತದೆ. ತೆಳ್ಳನೆ ಹುಲ್ಲು ಒಂದೇ ಗಂಟೆಯಲ್ಲಿ ಒಣಗಿ ಗರಿಗರಿ ಆಗಬಲ್ಲದು. ಬೆಟ್ಟದ ಸಂದಿನ ಹಸಿರು ಕಾಡಾದ ಶೋಲೆಯ ಅಂಚಿಗೆ ಬಂದಾಗ ಅದೇ ಬೆಂಕಿ ತಣ್ಣಗಾಗುತ್ತದೆ. ಪೂರ್ವಕ್ಕೆ ಮತ್ತಿಗೋಡು, ಆನೆಚೌಕೂರು ಕಡೆಗೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಎಲೆ ಉದುರುವ ಕಾಡು, ಒಣ ಬಿದಿರು, ಆಳೆತ್ತರದ ಲಂಟಾನ. ಜ್ವಾಲೆ ಸುಮಾರು 4 ಅಡಿ ದಾಟಿದರೆ ಕೈ ಉಪಕರಣ ಹಿಡಿದು ಅದರ ಎದುರು ನಿಲ್ಲುವಂತಿಲ್ಲ ಎನ್ನುವುದು ವಿಶ್ಲೇಷಕರ ಸಾಮಾನ್ಯ ಲೆಕ್ಕ. ಲಂಟಾನ ಹೊತ್ತಿದರೆ 4 ಅಡಿ ಎಲ್ಲಿಯ ಮಾತು?

2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. 2018ರ ಮಾರ್ಚಿನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಚಾರಣಿಗರು ಹುಲ್ಲಿನ ಏರಿನಲ್ಲೇ ಸಿಕ್ಕಿಬಿದ್ದರು, 20ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಕಾಡಿನ ಬೆಂಕಿಗೆಂದೇ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿಯಿತು. ಟೀವಿಯಲ್ಲಿ ಎಲ್ಲರೂ ನೋಡಿದ್ದು ಅದನ್ನೇ. ಆಮೇಲೆ ಡ್ರೋನ್, ಬ್ಲೋವರ್, ಜೀಪು ಅಂತ ಸಲಕರಣೆಯ ಮಾತು ಜೋರಾಯಿತು. ಸಲಕರಣೆ ಬೇಕು, ಬೇಡ ಅನ್ನುವವರು ಯಾರು? ಅದನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರ ಮಾತು ಮಾತ್ರ ಅಷ್ಟಾಗಿ ಬರಲಿಲ್ಲ.

ಹಾಗಾದರೆ ಅಮೆರಿಕದ ಕೋರ್ಸನ್ನೇ ತಂದರೆ ಆಯಿತಲ್ವಾ? ಅಷ್ಟು ಸುಲಭ ಅಲ್ಲ. ರಾಥರ್ಮೆಲ್ ಸೂತ್ರಕ್ಕೆ ಊಡುವ ಇಂಧನದ ಪಟ್ಟಿಗಳನ್ನು ಮಾಡಿದ್ದು ಅಲ್ಲಿನ ಹುಲ್ಲು, ಅಲ್ಲಿನ ಪೊದೆ, ಅಲ್ಲಿನ ಪೈನ್ ತರಗು ನೋಡಿ. ನಮ್ಮ ಬಿದಿರು ಮೆಳೆ, ಲಂಟಾನ, ತೇಗದ ಎಲೆಯನ್ನು ಇಲ್ಲೇ ತೂಗಿ, ಒಣಗಿಸಿ, ಸುಟ್ಟು ನೋಡಬೇಕು. ನನಗೆ ಕೊಡಗಿಗೆ ಹತ್ತಿರ ಅನಿಸುವುದು ಸ್ಪೇನಿನ ಕ್ಯಾಟಲೋನಿಯಾದ ದಾರಿ. 1990ರ ದಶಕದ ದೊಡ್ಡ ಬೆಂಕಿಗಳ ನಂತರ, 1999ರಲ್ಲಿ, ಅಲ್ಲಿನ ಅಗ್ನಿಶಾಮಕ ಸೇವೆಯೊಳಗೇ ಗ್ರಾಫ್ ಎಂಬ ವಿಶ್ಲೇಷಕರ ತಂಡ ಹುಟ್ಟಿತು. ಅವರು ಒಂದೊಂದು ಕಣಿವೆಯ ಹಳೆಯ ಬೆಂಕಿಗಳನ್ನೆಲ್ಲ ನಕ್ಷೆಗೆ ಹಾಕಿದರು. ಅದೇ ಗಾಳಿ, ಅದೇ ಏರು ಇದ್ದರೆ ಬೆಂಕಿ ಮತ್ತೆ ಅದೇ ದಾರಿ ಹಿಡಿಯುತ್ತದೆ ಎನ್ನುವುದು ಅವರ ಆಧಾರ.

ಕೊಡಗಿನಲ್ಲಿ ಇದಕ್ಕೆ ಬೇಕಾದ್ದು ಬಿಡಿಬಿಡಿಯಾಗಿ ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಕುಶಾಲನಗರದಲ್ಲಿ ಸಿಬ್ಬಂದಿಯ ತರಬೇತಿ ಕೇಂದ್ರ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನು ಇಟ್ಟಿದೆ. 2018ರ ಭೂಕುಸಿತದ ನಂತರ ನಾವೆಲ್ಲ ಮಳೆಯ ಅಂಕಿ ಓದಲು ಕಲಿತೆವು. ಮಾರ್ಚಿನ ಗಾಳಿ, ತೇವದ ಅಂಕಿಯನ್ನು ಯಾರೂ ಹಾಗೆ ಕಾಯುವುದಿಲ್ಲ. ಹಳೆಯ ಬೆಂಕಿಗಳ ದಾರಿ ಜೇನು ಕುರುಬ, ಯರವ ಹಾಡಿಗಳ ಹಿರಿಯರಿಗೆ ಗೊತ್ತು. ಬೆಂಕಿ ಆರಿಸಲು ಹೋಗುವ ವಾಚರ್‌ಗಳಲ್ಲಿ ಅವರ ಮಕ್ಕಳೇ ಎಷ್ಟೋ ಜನ.

ತರಬೇತಿ ಯಾರಿಗೆ ಅನ್ನುವಲ್ಲಿ ಗಂಟು ಇರುವುದು. ಅಧಿಕಾರಿಗೆ ಕೊಟ್ಟರೆ ಎರಡು ಮೂರು ವರ್ಷಕ್ಕೆ ವರ್ಗ. ಆ ಬೆಟ್ಟ ಬಿಟ್ಟು ಎಲ್ಲೂ ಹೋಗದ ವಾಚರ್‌ಗೆ ಕೊಡೋಣ ಅಂದರೆ ಅವನ ಕೆಲಸ ಬೇಸಿಗೆಯದು ಮಾತ್ರ. ಮಳೆ ಬಿದ್ದರೆ ಸಂಬಳವೂ ನಿಲ್ಲುತ್ತದೆ. ವಿಶ್ಲೇಷಕ ತಯಾರಾಗಲು ಹಲವು ಬೇಸಿಗೆ ಬೇಕು. ಮುಂದಿನ ಬೇಸಿಗೆಗೆ ಅದೇ ವಾಚರ್ ಬರುತ್ತಾನೆ ಎನ್ನುವ ಖಾತ್ರಿ ಈಗಿನ ವ್ಯವಸ್ಥೆಯಲ್ಲಿ ಯಾರಿಗೂ ಇಲ್ಲ.