ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಬಹುದೇ? ನೂರು ವರ್ಷದ ಒಂದು ನಂಬಿಕೆಯ ಹಿನ್ನೆಲೆ

ಅಂಗೈಯಿಂದ ಕಣ್ಣು ಮುಚ್ಚಿ ಕೂರಿ. ಕಣ್ಣುಗುಡ್ಡೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಸ್ವಲ್ಪ ದಿನಕ್ಕೇ ಕನ್ನಡಕ ಬೇಕಾಗುವುದಿಲ್ಲ. ಇಂಥ ಸಲಹೆ ಕೇಳದವರು ಕಡಿಮೆ. ಇದೆಲ್ಲ ಬಹಳ ಹಳೆಯ ಕಾಲದ್ದು ಅಂತ ಹಲವರು ನಂಬಿದ್ದಾರೆ. ಆದರೆ ಇದರಲ್ಲಿ ದೊಡ್ಡ ಪಾಲು ಬಂದದ್ದು ನ್ಯೂಯಾರ್ಕಿನ ಒಬ್ಬ ಕಣ್ಣಿನ ಡಾಕ್ಟರಿಂದ. ಅವರ ಹೆಸರು ವಿಲಿಯಂ ಹೊರೇಷಿಯೊ ಬೇಟ್ಸ್ (1860–1931).

ಬೇಟ್ಸ್ 1920ರಲ್ಲಿ ತಾವೇ ಒಂದು ಪುಸ್ತಕ ಪ್ರಕಟಿಸಿದರು. ಹತ್ತಿರದ್ದನ್ನೋ ದೂರದ್ದನ್ನೋ ನೋಡುವಾಗ ಕಣ್ಣೊಳಗಿನ ಲೆನ್ಸ್ ಬದಲಾಗುವುದಿಲ್ಲ ಎಂಬುದು ಅವರ ವಾದ. ಗುಡ್ಡೆಯ ಸುತ್ತಲಿನ ಸ್ನಾಯುಗಳೇ ಅದನ್ನು ಹಿಂಡಿ ಉದ್ದ ಮಾಡುತ್ತವೆ, ಗಿಡ್ಡ ಮಾಡುತ್ತವೆ. ಮನಸ್ಸಿನ ಒತ್ತಡದಿಂದ ಆ ಸ್ನಾಯುಗಳು ಬಿಗಿದುಕೊಂಡರೆ ದೃಷ್ಟಿ ಕೆಡುತ್ತದೆ. ಬಿಗಿತ ಸಡಿಲಿಸಿದರೆ ಸರಿಹೋಗುತ್ತದೆ. ಕನ್ನಡಕ ಹಾಕಿದರೆ ಇನ್ನಷ್ಟು ಕೆಡುತ್ತದೆ ಎಂದೂ ಅವರು ಹೇಳಿದರು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ತಪ್ಪು ಸ್ನಾಯುವಿನಲ್ಲಿದ್ದರೆ ವ್ಯಾಯಾಮದಿಂದ ತಿದ್ದಬಹುದು ತಾನೇ.

ಆದರೆ ಹತ್ತಿರ, ದೂರ ನೋಡುವಾಗ ಬದಲಾಗುವುದು ಲೆನ್ಸೋ ಗುಡ್ಡೆಯೋ ಎಂಬ ಪ್ರಶ್ನೆಗೆ ಆ ಪುಸ್ತಕಕ್ಕಿಂತ 119 ವರ್ಷ ಮೊದಲೇ ಉತ್ತರ ಸಿಕ್ಕಿತ್ತು. 1801ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ತಮ್ಮ ಕಣ್ಣಿನ ಮೇಲೇ ಪ್ರಯೋಗ ಮಾಡಿಕೊಂಡರು. ಗುಡ್ಡೆ ಉದ್ದವಾಗದಂತೆ ಅದನ್ನು ಹಿಂದೆ ಮುಂದೆ ಬಿಗಿಯಾಗಿ ಹಿಡಿಸಿದರು. ಆದರೂ ಹತ್ತಿರದ ವಸ್ತು ಸ್ಪಷ್ಟವಾಗಿಯೇ ಕಂಡಿತು. ಪೊರೆ ಬಂದು ಲೆನ್ಸ್ ತೆಗೆಸಿಕೊಂಡವರನ್ನೂ ಪರೀಕ್ಷಿಸಿದರು. ಅವರಿಗೆ ಹತ್ತಿರಕ್ಕೂ ದೂರಕ್ಕೂ ದೃಷ್ಟಿ ಹೊಂದಿಸಿಕೊಳ್ಳುವ ಶಕ್ತಿಯೇ ಇರಲಿಲ್ಲ. ಅಂದರೆ ಆ ಕೆಲಸ ಲೆನ್ಸಿನದ್ದು. 1855ರ ಹೊತ್ತಿಗೆ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅದು ನಡೆಯುವ ಬಗೆಯನ್ನೂ ವಿವರಿಸಿದರು. ಕಣ್ಣೊಳಗಿನ ಪುಟ್ಟ ಸ್ನಾಯು ಬಿಗಿದಾಗ ಲೆನ್ಸನ್ನು ಎಳೆದು ಹಿಡಿದ ಎಳೆಗಳು ಸಡಿಲವಾಗುತ್ತವೆ, ಲೆನ್ಸ್ ಉಬ್ಬುತ್ತದೆ. ಬೇಟ್ಸ್ ಇದನ್ನು ಒಪ್ಪಲಿಲ್ಲ.

ಅವರ ವಿಧಾನ ಅವರ ನಂತರವೂ ಬೆಳೆಯಿತು. ಹದಿಹರೆಯದಲ್ಲೇ ಕಾಯಿಲೆಯಿಂದ ಕಣ್ಣು ಹಾಳಾಗಿದ್ದ ಲೇಖಕ ಆಲ್ಡಸ್ ಹಕ್ಸ್ಲಿ 1942ರಲ್ಲಿ ಅದನ್ನು ಹೊಗಳಿ ಪುಸ್ತಕವನ್ನೇ ಬರೆದರು. ದೊಡ್ಡ ಹೆಸರಿನ ಬೆಂಬಲ ಸಿಕ್ಕ ಮೇಲೆ ಕೇಳಬೇಕೆ?

ಇದನ್ನು ಮಾಡಿ ಲಾಭವಾಯಿತು ಅನ್ನುವವರೆಲ್ಲ ಸುಮ್ನೆ ಸುಳ್ಳು ಹೇಳುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಕಣ್ಣು ಮುಚ್ಚಿ ಕೂತರೆ ದಣಿವು ಆರುವುದು ನಿಜ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗಿ ಮಂಜಾಗುತ್ತದೆ. ವಿಶ್ರಾಂತಿ ಕೊಟ್ಟರೆ ಅದು ತಿಳಿಯಾಗುತ್ತದೆ. ಕನ್ನಡಕ ತೆಗೆದು ಸ್ವಲ್ಪ ಹೊತ್ತು ಇದ್ದರೆ ಮಿದುಳು ಮಸುಕಿಗೆ ಒಗ್ಗಿಕೊಂಡು, ಅದೇ ಚಿತ್ರದಿಂದ ಜಾಸ್ತಿ ಅರ್ಥ ಮಾಡಿಕೊಳ್ಳುತ್ತದೆ. ಗೋಡೆಯ ಮೇಲಿನ ಅಕ್ಷರಪಟವೋ, ದಿನಾ ನೋಡಿದರೆ ಬಾಯಿಪಾಠವೇ ಆಗುತ್ತದೆ. ಆ ಅನುಭವ ಸುಳ್ಳಲ್ಲ. ಆದರೆ ಕನ್ನಡಕದ ನಂಬರ್ ಮಾತ್ರ ಇಳಿದಿರುವುದಿಲ್ಲ.

ಬೇಟ್ಸ್ ಹೇಳಿದ ಒಂದು ಅಭ್ಯಾಸ ಅಪಾಯದ್ದೇ. ಅದು ಸೂರ್ಯನನ್ನು ದಿಟ್ಟಿಸುವುದು. ಇದರಿಂದ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ಸುಟ್ಟು ಕಾಯಂ ಆಗಿ ದೃಷ್ಟಿ ಹೋಗಬಹುದು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ಇದೇ ಆಸೆ ಆಮೇಲೆ ವ್ಯಾಪಾರವೂ ಆಯಿತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಇಂಥ ವ್ಯಾಯಾಮದ ಕಿಟ್ ಮಾರುತ್ತಿದ್ದ ಕಂಪನಿಯ ಮಾರಾಟ 2006ರ ಕೋರ್ಟ್ ಆದೇಶದಿಂದ ನಿಂತಿತು. 2015ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ದೃಷ್ಟಿ ಸುಧಾರಿಸುತ್ತದೆ ಎಂದು ಪುರಾವೆ ಇಲ್ಲದೆ ಹೇಳಿಕೊಂಡ ಆ್ಯಪ್ ಒಂದರ ತಯಾರಕರಿಂದ 1,50,000 ಡಾಲರ್ ಕಟ್ಟಿಸಿಕೊಂಡಿತು.

ಹಾಗಂತ ಕಣ್ಣಿನ ವ್ಯಾಯಾಮವೆಲ್ಲ ವ್ಯರ್ಥ ಅಂದುಕೊಳ್ಳಬೇಡಿ. ತೊಂದರೆ ನಿಜಕ್ಕೂ ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿದ್ದರೆ ಅದು ಕೆಲಸ ಮಾಡುತ್ತದೆ. ಕೆಲವು ಮಕ್ಕಳಿಗೆ ಓದುವಾಗ ಎರಡೂ ಕಣ್ಣು ಸರಿಯಾಗಿ ಒಳಕ್ಕೆ ತಿರುಗುವುದಿಲ್ಲ. ತಲೆ ನೋಯುತ್ತದೆ, ಸಾಲುಗಳು ಎರಡೆರಡಾಗಿ ಕಾಣುತ್ತವೆ. ಇಂಥ 221 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ತರಬೇತಾದವರ ಕೈಯಲ್ಲಿ 12 ವಾರ ವ್ಯಾಯಾಮ ಮಾಡಿದ ಗುಂಪಿನಲ್ಲಿ ಸುಮಾರು 73% ಮಕ್ಕಳು ಗುಣವಾದರು ಇಲ್ಲವೇ ಸುಧಾರಿಸಿದರು. ತೋರಿಕೆಗೆ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಇದು ಸುಮಾರು 35%. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೇ: ಯಾವ ವ್ಯಾಯಾಮ ಅನ್ನುವುದಕ್ಕಿಂತ ಮೊದಲು, ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕು.

ಮೈನಸ್ ನಂಬರ್, ಅಂದರೆ ಸಮೀಪದೃಷ್ಟಿ ಇರುವ ಹೆಚ್ಚಿನವರಲ್ಲಿ ತಪ್ಪು ಇರುವುದು ಗುಡ್ಡೆಯ ಉದ್ದದಲ್ಲಿ. ದೊಡ್ಡವರ ಕಣ್ಣುಗುಡ್ಡೆ ಹೆಚ್ಚುಕಡಿಮೆ 24 ಮಿಲಿಮೀಟರ್ ಇರುತ್ತದೆ. ಒಂದೇ ಮಿಲಿಮೀಟರ್ ಜಾಸ್ತಿ ಬೆಳೆದರೆ ಎರಡೂವರೆಯಿಂದ ಮೂರರಷ್ಟು ನಂಬರ್ ಬರುತ್ತದೆ. ಬೆಳೆದ ಗುಡ್ಡೆಯನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡುವುದಿಲ್ಲ. ನಲವತ್ತರ ನಂತರ ಬರುವ ಚಾಳೀಸಿನದ್ದು ಬೇರೆ ಕಾರಣ. ಅಲ್ಲಿ ಲೆನ್ಸೇ ಗಡುಸಾಗಿರುತ್ತದೆ.

ಗುಡ್ಡೆ ಅತಿಯಾಗಿ ಬೆಳೆಯದಂತೆ ತಡೆಯುವುದು ಮಾತ್ರ ಒಂದಷ್ಟು ನಮ್ಮ ಕೈಯಲ್ಲಿದೆ. ಚೀನಾದ ಗುವಾಂಗ್‌ಝೌನಲ್ಲಿ ಚಿಕ್ಕ ಮಕ್ಕಳಿಗೆ ಶಾಲೆಯಲ್ಲಿ ದಿನಾ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಆಡಲು ಬಿಟ್ಟು ಮೂರು ವರ್ಷ ಗಮನಿಸಿದರು. ಫಲಿತಾಂಶ 2015ರಲ್ಲಿ ಬಂತು. ಹೊರಗೆ ಆಡಿದವರಲ್ಲಿ 30.4% ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಉಳಿದವರಲ್ಲಿ 39.5%. ಬಯಲಿನ ಬೆಳಕು ಕೋಣೆಯ ಬೆಳಕಿಗಿಂತ ಎಷ್ಟೋ ಪಟ್ಟು ಪ್ರಖರ. ಅದು ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಸದ್ಯದ ಬಲವಾದ ಊಹೆ. ನೆನಪಿಡಿ, ಬಯಲಲ್ಲಿ ಆಡಬೇಕು ಅಷ್ಟೇ, ಸೂರ್ಯನನ್ನು ನೋಡಬೇಕಿಲ್ಲ.

ಈಗಾಗಲೇ ನಂಬರ್ ಇರುವ ಮಗುವಿನ ಕನ್ನಡಕ ಬಿಡಿಸುವುದರಿಂದಾಗಲಿ, ಬೇಕೆಂದೇ ಕಡಿಮೆ ನಂಬರ್ ಕೊಡಿಸುವುದರಿಂದಾಗಲಿ ಲಾಭವಿಲ್ಲ. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಕಡಿಮೆ ನಂಬರ್ ಕೊಟ್ಟ ಮಕ್ಕಳ ಸಮೀಪದೃಷ್ಟಿ ಇನ್ನೂ ಬೇಗ ಏರಿತು. ಏರುವ ವೇಗ ತಗ್ಗಿಸಲು ಈಗ ಕಡಿಮೆ ಪ್ರಮಾಣದ ಅಟ್ರೋಪಿನ್ ಎಂಬ ಔಷಧದ ಹನಿಗಳಿವೆ, ವಿಶೇಷ ಕನ್ನಡಕಗಳಿವೆ. ಅವನ್ನು ಶುರು ಮಾಡಬೇಕಾದದ್ದು ಗುಡ್ಡೆ ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲೇ, ಕಣ್ಣಿನ ಡಾಕ್ಟರಿಗೆ ತೋರಿಸಿಯೇ.