ಫಾರ್ಮಸಿಸ್ಟ್ ಮಾತಾಡಿದರೆ ಬಿಪಿ ಇಳಿಯುತ್ತಾ?

ಫಾರ್ಮಸಿ ಪ್ರ್ಯಾಕ್ಟಿಸ್, ಅಂದರೆ ರೋಗಿ ಔಷಧಿಯನ್ನು ಸರಿಯಾಗಿ ಬಳಸುವಂತೆ ನೋಡಿಕೊಳ್ಳುವ ವಿದ್ಯೆ, ಓದಲು ಬರುವ ಮಕ್ಕಳಿಗೆ ನಾನು ಮೊದಲು ಓದಿಸುವುದು ನಮ್ಮ ವೃತ್ತಿಗೆ ಮುಜುಗರ ತಂದ ಒಂದು ಅಧ್ಯಯನವನ್ನು. ಅದರ ಹೆಸರು ಹೋಮರ್. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಇಂಗ್ಲೆಂಡಿನ ನಾರ್ಫೋಕ್ ಮತ್ತು ಸಫೋಕ್ ಕಡೆಯಲ್ಲಿ ತುರ್ತಾಗಿ ಆಸ್ಪತ್ರೆ ಸೇರಿ ಮನೆಗೆ ಮರಳುತ್ತಿದ್ದ, ಎಂಬತ್ತು ದಾಟಿದ 872 ಮಂದಿಯನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಫಾರ್ಮಸಿಸ್ಟ್ ಎರಡು ಸಲ ಹೋದರು. ಯಾವ ಮಾತ್ರೆ ಯಾಕೆ ಎಂದು ವಿವರಿಸಿದರು, ಅವಧಿ ಮುಗಿದದ್ದನ್ನು ತೆಗೆದು ಹಾಕಿದರು, ಏನಾದರೂ ತೊಂದರೆ ಕಂಡರೆ ಡಾಕ್ಟರಿಗೆ ತಿಳಿಸಿದರು. ಇನ್ನೊಂದು ಗುಂಪಿನವರಿಗೆ ಎಂದಿನ ಆರೈಕೆ ಅಷ್ಟೇ.

ಆರು ತಿಂಗಳಾದ ಮೇಲೆ ಲೆಕ್ಕ ಹಾಕಿದರೆ, ಎಂದಿನ ಆರೈಕೆಯ ಗುಂಪಿನಲ್ಲಿ ಮತ್ತೆ ಆಸ್ಪತ್ರೆ ಸೇರಿದ ಸಂದರ್ಭಗಳು 178. ಫಾರ್ಮಸಿಸ್ಟ್ ಹೋಗಿ ಬಂದ ಗುಂಪಿನಲ್ಲಿ 234. ಕಡಿಮೆ ಆಗಬೇಕಿದ್ದದ್ದು ಜಾಸ್ತಿ ಆಗಿತ್ತು.

ಇದನ್ನು ಓದಿದ ಮಕ್ಕಳ ಮುಖ ನೋಡಬೇಕು. ಆರು ವರ್ಷದ ಫಾರ್ಮಸಿ ಕೋರ್ಸ್ ಫಾರ್ಮ್‌ಡಿಗೆ ಸೇರಿದ್ದು ಇದಕ್ಕೇನಾ ಎನ್ನುವ ಹಾಗಿರುತ್ತದೆ. ಕಾರಣ ಏನಿರಬಹುದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪಾಯದ ಲಕ್ಷಣ ಯಾವುದು ಎಂದು ತಿಳಿದುಕೊಂಡ ರೋಗಿಗಳು ಬೇಗ ಆಸ್ಪತ್ರೆಗೆ ಹೋಗಿರಬಹುದು. ಬಿಟ್ಟಿದ್ದ ಮಾತ್ರೆಗಳನ್ನೆಲ್ಲ ಸರಿಯಾಗಿ ತೆಗೆದುಕೊಳ್ಳಲು ಶುರು ಮಾಡಿ, ಅಡ್ಡಪರಿಣಾಮ ಹೆಚ್ಚಾಗಿರಬಹುದು. ಫಾರ್ಮಸಿಸ್ಟ್ ಗುಂಪಿನಲ್ಲಿ ಸತ್ತವರು 49, ಇನ್ನೊಂದರಲ್ಲಿ 63. ಆ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು, ಅದನ್ನು ಹಿಡಿದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ನನಗೆ ಕಾಣುವುದು ಬೇರೆ. ಆ ಫಾರ್ಮಸಿಸ್ಟ್ ಹೋದದ್ದು ಎರಡೇ ಸಲ. ಕಂಡದ್ದನ್ನು ತಾನೇ ಸರಿ ಮಾಡುವ ಅಧಿಕಾರ ಅವರಿಗಿರಲಿಲ್ಲ. ಇನ್ನೊಬ್ಬರಿಗೆ ತಿಳಿಸಿ ಬರಬೇಕಿತ್ತು.

ಇದರ ಪಕ್ಕದಲ್ಲಿ ಲಾಸ್ ಏಂಜಲೀಸ್‌ನ ಕಟಿಂಗ್ ಶಾಪ್‌ಗಳನ್ನು ಇಟ್ಟು ನೋಡಿ.

2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಇದು. ಮಾಡಿಸಿದವರು ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್. ಅಲ್ಲಿನ ಕಪ್ಪು ಗಂಡಸರಲ್ಲಿ ಬಿಪಿ ಹೆಚ್ಚು, ಆದರೆ ಡಾಕ್ಟರ ಹತ್ತಿರ ಹೋಗುವವರು ಕಡಿಮೆ. ಕಟಿಂಗ್ ಶಾಪ್‌ಗೆ ಮಾತ್ರ ತಪ್ಪದೆ ಹೋಗುತ್ತಾರೆ, ಅದೂ ವರ್ಷಗಟ್ಟಲೆ ಒಬ್ಬನೇ ಕ್ಷೌರಿಕನ ಹತ್ತಿರ. ಸರಿ, ಅಲ್ಲೇ ಕೆಲಸ ಶುರು ಮಾಡೋಣ ಎಂದು 52 ಅಂಗಡಿಗಳನ್ನು, 319 ಗಿರಾಕಿಗಳನ್ನು ಸೇರಿಸಿಕೊಂಡರು. ಅರ್ಧ ಅಂಗಡಿಗಳಲ್ಲಿ ಕ್ಷೌರಿಕ ಸುಮ್ನೆ ಹೇಳಬೇಕು: ಉಪ್ಪು ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ. ಉಳಿದವುಗಳಿಗೆ ತರಬೇತಿ ಪಡೆದ ಫಾರ್ಮಸಿಸ್ಟ್ ತಾವೇ ಬರುತ್ತಿದ್ದರು. ಬಿಪಿ ನೋಡಿ, ರೋಗಿಯ ಡಾಕ್ಟರ ಜತೆ ಮೊದಲೇ ಮಾಡಿಕೊಂಡ ಒಪ್ಪಂದದ ಪ್ರಕಾರ ಔಷಧಿಯನ್ನೂ ತಾವೇ ಬರೆಯುತ್ತಿದ್ದರು. ಮುಖ್ಯವಾಗಿ ಬಳಸಿದ ಮಾತ್ರೆಗಳಲ್ಲಿ ಒಂದು ಅಮ್ಲೋಡಿಪಿನ್, ನಮ್ಮೂರ ಯಾವ ಮೆಡಿಕಲ್‌ನಲ್ಲೂ ಸಿಗುವಂಥದ್ದು. ಇಳಿಯಲಿಲ್ಲವಾ, ಡೋಸ್ ಏರಿಸಿದರು. ಇನ್ನೂ ಇಳಿಯಲಿಲ್ಲವಾ, ಇನ್ನೊಂದು ಸೇರಿಸಿದರು. ಡಾಕ್ಟರಿಗೆ ವರದಿ ಹೋಗುತ್ತಿತ್ತು. ಆದರೆ ರೋಗಿ ಕಾಯಬೇಕಿರಲಿಲ್ಲ.

ಆರು ತಿಂಗಳಲ್ಲಿ ಫಾರ್ಮಸಿಸ್ಟ್ ಇದ್ದ ಗುಂಪಿನ ಮೇಲಿನ ಬಿಪಿ ಸರಾಸರಿ 27 ಅಂಕ ಇಳಿದಿತ್ತು. ಸಲಹೆ ಮಾತ್ರ ಸಿಕ್ಕ ಗುಂಪಿನಲ್ಲಿ 9.3. ಬಿಪಿ 130/80ಕ್ಕಿಂತ ಕೆಳಗೆ ಬಂದವರು ಮೊದಲ ಗುಂಪಿನಲ್ಲಿ ಶೇ 63.6, ಎರಡನೆಯದರಲ್ಲಿ ಶೇ 11.7. ಒಂದು ವರ್ಷದ ನಂತರ ನೋಡಿದಾಗಲೂ ವ್ಯತ್ಯಾಸ ಹಾಗೇ ಇತ್ತು.

ಎಲ್ಲರ ಕಣ್ಣೂ 27ರ ಮೇಲೆ ಬೀಳುತ್ತದೆ. ನಾನು 9.3ರ ಹತ್ತಿರ ನಿಲ್ಲುತ್ತೇನೆ. ಔಷಧಿ ಬರೆದುಕೊಡುವವರು ಆ ಅಂಗಡಿಗೆ ಯಾರೂ ಬರಲಿಲ್ಲ. ಆದರೂ ಒಂಬತ್ತು ಅಂಕ ಇಳಿಯಿತು. ಕ್ಷೌರಿಕನ ಮಾತಿನಿಂದ ಸ್ವಲ್ಪ ಇಳಿದಿರಬಹುದು. ಆದರೆ ಬಿಪಿ ಜಾಸ್ತಿ ಇದ್ದ ದಿನ ನೋಡಿ ಆರಿಸಿಕೊಂಡವರನ್ನು ಆಮೇಲೆ ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಸರಾಸರಿ ಸ್ವಲ್ಪ ಕೆಳಗೇ ಬರುತ್ತದೆ. ಇದು ಲೆಕ್ಕದ ಸ್ವಭಾವ, ನಮ್ಮ ಸಾಧನೆಯಲ್ಲ.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕಕ್ಕೆ ಈ ಕ್ಷೇತ್ರ ಹೊಸದಲ್ಲ. ಫಾರ್ಮಸಿ ಪ್ರ್ಯಾಕ್ಟಿಸ್‌ನಲ್ಲಿ ಸ್ನಾತಕೋತ್ತರ ಓದು ದೇಶದಲ್ಲಿ ಬೇರೂರಿದ ಮೊದಲ ಜಾಗಗಳಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಒಂದು. 1990ರ ದಶಕದ ಮಾತು ಅದು. 2008ರಲ್ಲಿ ಫಾರ್ಮ್‌ಡಿ ಬಂತು. ರೋಗಿಗೆ ಔಷಧಿಯ ಬಗ್ಗೆ ತಿಳಿಸಿ ಹೇಳಬೇಕು ಎಂದು 2015ರ ಫಾರ್ಮಸಿ ಪ್ರ್ಯಾಕ್ಟಿಸ್ ನಿಯಮಗಳಲ್ಲೂ ಇದೆ. ನನ್ನ ಮೇಜಿಗೆ ಬರುವ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳೋ, ಬಹುಪಾಲು ಒಂದೇ ಅಚ್ಚಿನವು. ಶುಗರ್ ಇರುವವರಿಗೆ ಒಂದು ಪ್ರಶ್ನಾವಳಿ ಕೊಡುವುದು, ಒಂದು ಕರಪತ್ರ ಕೊಟ್ಟು ಮಾತಾಡುವುದು, ಒಂದು ತಿಂಗಳಿಗೆ ಮತ್ತೆ ಅದೇ ಪ್ರಶ್ನಾವಳಿ. ಅಂಕ ಏರಿತು, ಆದ್ದರಿಂದ ಫಾರ್ಮಸಿಸ್ಟ್ ಬೇಕು. ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರುವುದಿಲ್ಲ. ಆ 9.3 ನಮ್ಮಲ್ಲಿ ಆಗಿದ್ದರೆ ಎಲ್ಲವೂ ನಮ್ಮ ಕೌನ್ಸೆಲಿಂಗ್‌ನ ಖಾತೆಗೇ ಜಮಾ ಆಗುತ್ತಿತ್ತು. ಅದಕ್ಕೊಂದು ಪೋಸ್ಟರ್ ಬಹುಮಾನವೂ ಬರುತ್ತಿತ್ತು ಅನ್ನಿ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದನ್ನೇ ಗೆಲುವು ಅಂದುಕೊಳ್ಳುವುದೂ ಅಷ್ಟು ಸರಿಯಲ್ಲ. 2006ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಿಂದ ಬಂದ ಫೇಮ್ ಅಧ್ಯಯನದಲ್ಲಿ 65 ದಾಟಿದ 200 ಮಂದಿ ಇದ್ದರು. ಎಲ್ಲರೂ ಕನಿಷ್ಠ ನಾಲ್ಕು ಔಷಧಿ ತೆಗೆದುಕೊಳ್ಳುವವರು. ಫಾರ್ಮಸಿಸ್ಟರು ತಿಳಿಸಿ ಹೇಳಿ, ಹೊತ್ತು ಹೊತ್ತಿಗೆ ಬೇಕಾದ ಮಾತ್ರೆಗಳನ್ನು ಒಟ್ಟಿಗೆ ಪ್ಯಾಕ್ ಮಾಡಿಕೊಟ್ಟು, ಎರಡು ತಿಂಗಳಿಗೊಮ್ಮೆ ಕರೆದು ಮಾತಾಡಿಸಿದರು. ಮಾತ್ರೆ ತಪ್ಪದೆ ತೆಗೆದುಕೊಳ್ಳುವ ಪ್ರಮಾಣ ಆರು ತಿಂಗಳಲ್ಲಿ ಶೇ 61ರಿಂದ ಶೇ 97ರ ಹತ್ತಿರ ಹೋಯಿತು. ಅದೇ ಅವಧಿಯಲ್ಲಿ ಮೇಲಿನ ಬಿಪಿ ಇಳಿದದ್ದು ಸುಮಾರು ಮೂರೇ ಅಂಕ. ಮುಂದಿನ ಆರು ತಿಂಗಳು ಅರ್ಧ ಮಂದಿಗೆ ಈ ಸೌಲಭ್ಯ ನಿಲ್ಲಿಸಿದರು. ಅವರ ಪ್ರಮಾಣ ಶೇ 69ಕ್ಕೆ ಜಾರಿತು. ಮುಂದುವರಿಸಿದವರದು ಶೇ 95ರ ಆಚೆಯೇ ಉಳಿಯಿತು. ಕಲಿಸಿದ್ದು ತಲೆಯಲ್ಲಿ ಉಳಿದಿತ್ತೇನೋ. ಆದರೆ ಹಿಂದೆ ಬಿದ್ದು ಕೇಳುವವರು ಇಲ್ಲದಿದ್ದರೆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ.

ಹಾಗಾದರೆ ಕೌಂಟರಿನಲ್ಲಿ ಕೂತು ಮಾಡುವ ಮಾತಿಗೆ ಬೆಲೆಯೇ ಇಲ್ಲವೇ? ಇದೆ. ಒಂದು ಉದಾಹರಣೆ ಹೇಳುತ್ತೇನೆ. ತಾಲ್ಲೂಕಿನಿಂದ ಬಂದ ಒಬ್ಬ ಹೆಂಗಸು ತಮ್ಮ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು. ಶುಗರಿಗೆ ಗ್ಲಿಮಿಪಿರೈಡ್–ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಎರಡು ಕಂಪನಿಯದು, ಎರಡು ಹೆಸರಿನಲ್ಲಿ. ಒಂದು ಊರಿನ ಡಾಕ್ಟರು ಕೊಟ್ಟದ್ದು, ಇನ್ನೊಂದು ಸಿಟಿಯ ಡಾಕ್ಟರು. ಬೇರೆ ಬೇರೆ ಬಣ್ಣ, ಹಾಗಾಗಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಇನ್ನೊಂದು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿದ್ದರು, ಹೆಸರೂ ಇಲ್ಲ, ಎಕ್ಸ್‌ಪೈರಿಯೂ ಇಲ್ಲ. ದಮ್ಮಿಗೆಂದು ರೋಟಾಹೇಲರಿನ ಕ್ಯಾಪ್ಸೂಲ್‌ಗಳಿದ್ದವು. ಮಷೀನ್ ಎಲ್ಲಮ್ಮಾ ಅಂದೆ. 'ಯಾವ ಮಷೀನು? ದಿನಾ ಎರಡು ನೀರಲ್ಲಿ ನುಂಗ್ತೀನಲ್ಲ' ಅಂದರು. ಎಳೆದುಕೊಳ್ಳಬೇಕಾದ ಪುಡಿ ಹೊಟ್ಟೆಗೆ ಹೋಗುತ್ತಿತ್ತು.

ಕ್ಯಾಪ್ಸೂಲಿನ ವಿಷಯ ನಾನೇ ಸರಿ ಮಾಡಬಹುದಿತ್ತು, ಮಾಡಿದೆ. ಡಬಲ್ ಆಗಿದ್ದ ಶುಗರ್ ಮಾತ್ರೆ? ಯಾವುದನ್ನು ನಿಲ್ಲಿಸಬೇಕು ಎಂದು ಡಾಕ್ಟರೇ ಹೇಳಬೇಕು. ಅದು ಸರಿಯೂ ಹೌದು. ಫೋನ್ ಮಾಡಿದೆ, ಎತ್ತಿದರು, ಹತ್ತು ನಿಮಿಷದಲ್ಲಿ ಮುಗಿಯಿತು. ಎತ್ತದೇ ಇದ್ದಿದ್ದರೆ ಒಂದು ಚೀಟಿ ಬರೆದು ಕಳಿಸುತ್ತಿದ್ದೆ, ಥೇಟ್ ಹೋಮರ್ ಅಧ್ಯಯನದ ಫಾರ್ಮಸಿಸ್ಟ್ ತರಹ.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯುನಲ್ಲಿ, ಫಾರ್ಮಸಿಸ್ಟ್ ಡಾಕ್ಟರ ಪಕ್ಕದಲ್ಲೇ ಇದ್ದರೆ ಏನಾಗುತ್ತದೆ ಎಂದು ಅಳೆದಿದ್ದರು. 1999ರ ವರದಿ. ಡಾಕ್ಟರು ಬರೆದು ಮುಗಿಸಿದ ಔಷಧಿಯ ಆರ್ಡರನ್ನು ಕೆಳಗಿನ ಫಾರ್ಮಸಿಯಲ್ಲಿ ಕೂತು ತಿದ್ದುವ ಬದಲು, ಫಾರ್ಮಸಿಸ್ಟ್ ಬೆಳಗಿನ ರೌಂಡ್ಸ್‌ಗೆ ಡಾಕ್ಟರ ಜತೆಗೇ ಹೋದರು. ಆರ್ಡರ್ ಬರೆಯುವಾಗಿನ ತಪ್ಪಿನಿಂದ ಆಗುವ, ತಡೆಯಬಹುದಾದ ಹಾನಿ ಮೂರನೇ ಎರಡು ಭಾಗದಷ್ಟು ಕಡಿಮೆಯಾಯಿತು. ಅವರು ಕೊಟ್ಟ 366 ಸಲಹೆಗಳಲ್ಲಿ 362ನ್ನು ಡಾಕ್ಟರು ಒಪ್ಪಿದರು. ಪಕ್ಕದಲ್ಲೇ ನಿಂತವರ ಮಾತು ಕೇಳುವುದು ಸುಲಭ, ಅಲ್ವಾ?

ನಮ್ಮಲ್ಲಿ ಫಾರ್ಮಸಿಸ್ಟ್ ಔಷಧಿ ಬರೆಯುವ ಹಾಗಿಲ್ಲ, ಡೋಸ್ ಬದಲಿಸುವ ಹಾಗಿಲ್ಲ. ನಾಳೆಯೇ ಆ ಅಧಿಕಾರ ಕೊಡಿ ಎಂದು ಕೇಳುವವರ ಸಾಲಿನಲ್ಲಿ ನಾನಿಲ್ಲ. ಎಷ್ಟೋ ಅಂಗಡಿಗಳಲ್ಲಿ ಲೈಸೆನ್ಸ್ ಗೋಡೆಯ ಮೇಲಿರುತ್ತದೆ, ಫಾರ್ಮಸಿಸ್ಟ್ ಬೇರೆಲ್ಲೋ ಇರುತ್ತಾರೆ. ಅದು ಮೊದಲು ಸರಿಯಾಗಲಿ. ಆದರೆ ಆಸ್ಪತ್ರೆಯೊಳಗೆ, ಡಾಕ್ಟರ ಒಪ್ಪಿಗೆಯ ಮೇಲೆ, ಕಂಡ ತೊಂದರೆಗೂ ಅದನ್ನು ಸರಿ ಮಾಡುವುದಕ್ಕೂ ನಡುವಿನ ಸಮಯವನ್ನು ಕಡಿಮೆ ಮಾಡಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಈ ಸಲದ ಒಂದು ಪ್ರಾಜೆಕ್ಟ್ ಹಾಗೇ ಕೂಡಿಸಿದ್ದೇವೆ. ಪ್ರಶ್ನಾವಳಿ ಇಲ್ಲ. ಎರಡು ಗುಂಪು. ಒಂದು ಗುಂಪಿಗೆ ಹದಿನೈದು ದಿನಕ್ಕೊಮ್ಮೆ ಫೋನ್, ಮನೆಯಲ್ಲೇ ನೋಡಿದ ಬಿಪಿ ಕೇಳುವುದು. ಎರಡು ಸಲ 140 ದಾಟಿದರೆ ಆ ದಿನವೇ ಡಾಕ್ಟರಿಗೆ ಮೆಸೇಜ್, ಆ ದಿನವೇ ಅವರ ಉತ್ತರ ರೋಗಿಗೆ. ಎಣಿಸುವುದು ಮೂರೇ ಸಂಗತಿ: ಬಿಪಿ, ಆಸ್ಪತ್ರೆ ಸೇರಿದ್ದು, ಮೆಸೇಜಿಗೂ ಉತ್ತರಕ್ಕೂ ಹಿಡಿದ ಗಂಟೆಗಳು. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಕೇಳಿದ ಮೊದಲ ಪ್ರಶ್ನೆ, ಡಾಕ್ಟರು ರಜೆಯಲ್ಲಿದ್ದರೆ ಉತ್ತರ ಕೊಡುವವರು ಯಾರು ಎಂದು. ಇನ್ನೊಬ್ಬ ಡಾಕ್ಟರ ಸಹಿ ಹಾಕಿಸಿ ಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು.