ಪದ ಪರಿಚಯ: ವಿಂಡ್ ಅಸಿಸ್ಟೆಡ್

ಕಾಲೇಜು ಹುಡುಗಿಯರ ಅಥ್ಲೆಟಿಕ್ ಮೀಟ್‌ನ ಫಲಿತಾಂಶದ ಹಾಳೆ ನೋಡಿ. 100 ಮೀಟರ್ ಓಟದ ಸಮಯದ ಪಕ್ಕ +1.4, -0.6 ಅಂತ ಒಂದು ಸಣ್ಣ ಅಂಕಿ ಇರುತ್ತದೆ. ಅದು ಗಾಳಿಯ ವೇಗ, ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ. ಪ್ಲಸ್ ಅಂದರೆ ಬೆನ್ನ ಹಿಂದಿನ ಗಾಳಿ, ಮೈನಸ್ ಅಂದರೆ ಎದುರುಗಾಳಿ. ಆ ಅಂಕಿ +2.0 ದಾಟಿತೋ, ಸಮಯದ ಜತೆಗೆ ‘ಡಬ್ಲ್ಯೂ’ ಅಕ್ಷರ ಬಂದು ಕೂರುತ್ತದೆ. ಆ ಓಟ ‘ವಿಂಡ್ ಅಸಿಸ್ಟೆಡ್’, ಅಂದರೆ ಗಾಳಿಯ ನೆರವು ಸಿಕ್ಕಿದ್ದು.

ಹಾಗಂತ ಓಟ ರದ್ದಾಗುವುದಿಲ್ಲ. ತುಂಬಾ ಜನ ತಪ್ಪು ತಿಳಿಯುವುದು ಇಲ್ಲೇ. ಗೆದ್ದವಳು ಗೆದ್ದವಳೇ, ಪದಕ ಅವಳದ್ದೇ, ಕಾಲೇಜಿಗೆ ಬರುವ ಪಾಯಿಂಟೂ ಹಾಗೇ ಇರುತ್ತದೆ. ಎಂಟೂ ಲೇನಿಗೆ ಬೀಸಿದ್ದು ಒಂದೇ ಗಾಳಿ ಅಲ್ವಾ? ಕೈತಪ್ಪುವುದು ದಾಖಲೆ. ದೊಡ್ಡ ಕೂಟಗಳ ಅರ್ಹತಾ ಮಟ್ಟಕ್ಕೂ ಆ ಸಮಯ ನಡೆಯುವುದಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಒಳಾಂಗಣ, ಹೊರಾಂಗಣ ಎರಡಕ್ಕೂ ಬೇರೆ ಬೇರೆ ಚಾಂಪಿಯನ್‌ಷಿಪ್ ಇದೆ. ಗಾಳಿಯ ತಕರಾರು ಹೊರಾಂಗಣದ್ದು ಮಾತ್ರ. 2023ರ ಹೊರಾಂಗಣ ಕೂಟದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಜೂಲಿಯನ್ ಆಲ್ಫ್ರೆಡ್ 100 ಮೀಟರನ್ನು 10.72 ಸೆಕೆಂಡಿನಲ್ಲಿ ಗೆದ್ದಳು. ಗಾಳಿ +2.3. ಚಾಂಪಿಯನ್ ಪಟ್ಟ ಸಿಕ್ಕಿತು, ಸಮಯ ದಾಖಲೆಗೆ ಸೇರಲಿಲ್ಲ. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮತ್ತೆ ಅದೇ 10.72, ಈ ಸಲ ಗಾಳಿ -0.1. ಅದು ಅವಳ ದೇಶವಾದ ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದ ರಾಷ್ಟ್ರೀಯ ದಾಖಲೆಯಾಯಿತು, ಆ ದೇಶಕ್ಕೆ ಮೊದಲ ಒಲಿಂಪಿಕ್ ಪದಕವೂ ಬಂತು.

ಗಾಳಿ ಅಳೆಯುವ ಯಂತ್ರದ ಹೆಸರು ವಿಂಡ್ ಗೇಜ್. ನೇರ ಓಟಕ್ಕೆ ಇದನ್ನು ಫಿನಿಶ್ ಗೆರೆಯಿಂದ 50 ಮೀಟರ್ ಹಿಂದೆ, ಮೊದಲ ಲೇನಿನ ಪಕ್ಕ, ನೆಲದಿಂದ 1.22 ಮೀಟರ್ ಎತ್ತರದಲ್ಲಿ ಇಡುತ್ತಾರೆ. 100 ಮೀಟರ್ ಓಟಕ್ಕೆ ಗನ್ ಹಾರಿದಲ್ಲಿಂದ 10 ಸೆಕೆಂಡು, ಹರ್ಡಲ್ಸ್‌ಗೆ (ಅಡ್ಡ ಇಟ್ಟ ಹಲಗೆಗಳನ್ನು ಹಾರುತ್ತ ಓಡುವ ಓಟ) 13 ಸೆಕೆಂಡು ಅಳೆದು ಸರಾಸರಿ ತೆಗೆಯುತ್ತಾರೆ. ಲಾಂಗ್ ಜಂಪ್, ಟ್ರಿಪಲ್ ಜಂಪ್‌ಗೆ 5 ಸೆಕೆಂಡು ಸಾಕು. ಇಷ್ಟೆಲ್ಲ ಮಾಡಿದರೂ ಯಂತ್ರಕ್ಕೆ ಗೊತ್ತಾಗುವುದು ಓಟದ ದಿಕ್ಕಿನ ಗಾಳಿ ಮಾತ್ರ. ಅಡ್ಡಗಾಳಿ ಲೆಕ್ಕಕ್ಕಿಲ್ಲ.

ಕಾಸರಗೋಡಿನ ಕರಾವಳಿಯಲ್ಲಿ ಇದು ಸ್ವಲ್ಪ ತಮಾಷೆಯ ವಿಷಯ. ಮಧ್ಯಾಹ್ನ ಕಳೆದರೆ ನಮ್ಮಲ್ಲಿ ಕಡಲ ಕಡೆಯಿಂದ, ಅಂದರೆ ಪಡುವಣದಿಂದ ಗಾಳಿ. ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ ಟ್ರ್ಯಾಕನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕುತ್ತಾರೆ. ಅಂಥ ಟ್ರ್ಯಾಕಿನಲ್ಲಿ ಕಡಲಗಾಳಿ ಹುಡುಗಿಯರ ಪಕ್ಕೆಗೆ ಬಡಿಯುತ್ತದೆ, ಬೆನ್ನಿಗಲ್ಲ. ಜಂಡಾ ಪಟಪಟ ಹೊಡೆದುಕೊಳ್ಳುತ್ತಿದ್ದರೂ ಗೇಜ್‌ನಲ್ಲಿ 0.4 ಅಂತ ಬಂದರೆ ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. 200 ಮೀಟರ್‌ನಲ್ಲಿ ಇನ್ನೊಂದು ಕತೆ. ಅಲ್ಲಿ ಅಳತೆ ಶುರುವಾಗುವುದೇ ಮೊದಲ ಓಟಗಾರ್ತಿ ನೇರ ದಾರಿಗೆ ಬಂದ ಮೇಲೆ. ತಿರುವಿನಲ್ಲಿ ಗಾಳಿ ನೂಕಿತೋ ತಡೆಯಿತೋ, ಹಾಳೆಯಲ್ಲಿ ಕಾಣುವುದಿಲ್ಲ.

ಗೇಜ್ ಇಲ್ಲದ ಸಣ್ಣ ಕೂಟಗಳೂ ಬೇಕಾದಷ್ಟಿವೆ. ಅಲ್ಲಿಯ ಸಮಯ ಎಷ್ಟೇ ಚೆನ್ನಾಗಿದ್ದರೂ ಊರಲ್ಲಿ ಹೇಳಿಕೊಳ್ಳಲು ಮಾತ್ರ.

ಸೆಕೆಂಡಿಗೆ 2 ಮೀಟರ್ ಅಂದರೆ ಗಂಟೆಗೆ 7.2 ಕಿಲೋಮೀಟರ್, ಬಿರುಸಾಗಿ ನಡೆಯುವವರ ವೇಗಕ್ಕಿಂತ ತುಸು ಜಾಸ್ತಿ. ಇಷ್ಟು ಗಾಳಿ ಬೆನ್ನಿಗಿದ್ದರೆ 100 ಮೀಟರ್‌ನಲ್ಲಿ ಸುಮಾರು 0.1 ಸೆಕೆಂಡು ಲಾಭ. ಅಷ್ಟೇ ವೇಗದ ಎದುರುಗಾಳಿ ಮಾಡುವ ನಷ್ಟ ಇದಕ್ಕಿಂತ ದೊಡ್ಡದು. ಆದರೆ ಎದುರುಗಾಳಿಯಲ್ಲಿ ಓಡಿದವಳಿಗೆ ದಾಖಲೆಯ ಪುಸ್ತಕದಲ್ಲಿ ಯಾವ ರಿಯಾಯಿತಿಯೂ ಇಲ್ಲ. ನನಗಂತೂ ಇದು ಅರೆಬರೆ ನ್ಯಾಯ ಅನ್ನಿಸುತ್ತದೆ.

ಈ ನಿಯಮದ ಬಿಸಿ ಯಾರಿಗೆ ತಟ್ಟಿದೆ ಅಂದರೆ ವಿಶಾಖಪಟ್ಟಣದ ಜ್ಯೋತಿ ಯರ್ರಾಜಿಗೆ. 100 ಮೀಟರ್ ಹರ್ಡಲ್ಸ್‌ನಲ್ಲಿ ಅನುರಾಧಾ ಬಿಸ್ವಾಲ್ 2002ರಲ್ಲಿ ಮಾಡಿದ 13.38 ಸೆಕೆಂಡಿನ ದಾಖಲೆ ವರ್ಷಗಟ್ಟಲೆ ಹಾಗೇ ಇತ್ತು. 2020ರ ಜನವರಿಯಲ್ಲಿ ನಮ್ಮ ಪಕ್ಕದ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಜ್ಯೋತಿ 13.03ಕ್ಕೆ ಓಡಿದಳು. ಆಗ ಅಡ್ಡ ಬಂದದ್ದು ಗಾಳಿಯಲ್ಲ, ಡೋಪ್ ಟೆಸ್ಟ್ ನಡೆದಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡಿನ ಫೆಡರೇಷನ್ ಕಪ್‌ನಲ್ಲಿ 13.09. ಗಾಳಿ ನೋಡಿದರೆ +2.1! ಗೇಜ್‌ನ ಎರಡನೇ ದಶಮಾಂಶ ಸೊನ್ನೆಯಲ್ಲದಿದ್ದರೆ ಪ್ಲಸ್ ಕಡೆಗೆ ಏರಿಸಿ ಬರೆಯಬೇಕು ಎಂಬ ನಿಯಮವಿದೆ. 2.01 ಬಂದರೂ ಹಾಳೆಗೆ ಹೋಗುವುದು 2.1. ಮುಂದಿನ ತಿಂಗಳು ಸೈಪ್ರಸ್‌ನಲ್ಲಿ 13.23, ಗಾಳಿ -0.1. ಕೋಯಿಕ್ಕೋಡಿಗಿಂತ ನಿಧಾನ, ಆದರೂ ದಾಖಲೆ ಇದೇ. ಅಕ್ಟೋಬರ್‌ನಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 12.79 ಓಡಿದಾಗ ಮತ್ತೆ ಗಾಳಿ ಮಿತಿ ಮೀರಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ 12.82, ಗಾಳಿ ಮಿತಿಯೊಳಗೆ. ಲೆಕ್ಕಕ್ಕೆ ಸಿಗುವ ಹಾಗೆ 13 ಸೆಕೆಂಡಿನೊಳಗೆ ಓಡಿದ ಮೊದಲ ಭಾರತೀಯಳಾದಳು.

ಹರ್ಡಲ್ಸ್‌ನಲ್ಲಿ ಬೆನ್ನಗಾಳಿ ಸುಮ್ನೆ ಸಿಕ್ಕ ವರವೂ ಅಲ್ಲ. ಹುಡುಗಿಯರ ಹರ್ಡಲ್‌ಗಳ ನಡುವೆ 8.5 ಮೀಟರ್, ಅದನ್ನು ಮೂರೇ ಹೆಜ್ಜೆಯಲ್ಲಿ ಮುಗಿಸಬೇಕು. ಗಾಳಿ ನೂಕಿದರೆ ಹೆಜ್ಜೆ ಉದ್ದವಾಗಿ, ಕಾಲು ಹರ್ಡಲ್‌ಗೆ ತೀರಾ ಹತ್ತಿರ ಬೀಳುತ್ತದೆ. ಎಗರಲು ಜಾಗ ಸಾಲದೆ ಹಲಗೆಗೆ ಮಂಡಿ ತಾಗುತ್ತದೆ. ಹಾಗಾಗಿ ಡಬ್ಲ್ಯೂ ಅಂಟಿದ ಸಮಯವನ್ನು ‘ಗಾಳಿ ಓಡಿಸಿದ್ದು’ ಎಂದು ತಳ್ಳಿಹಾಕುವವರ ಮಾತಿಗೆ ನಾನು ಒಪ್ಪುವುದಿಲ್ಲ.

ಅಂದಹಾಗೆ, 400 ಮೀಟರ್ ಮತ್ತು ಅದಕ್ಕಿಂತ ಉದ್ದದ ಓಟಗಳಿಗೆ, ರಿಲೇಗಳಿಗೆ ಈ ಅಂಕಿಯೇ ಇರುವುದಿಲ್ಲ. ಒಂದು ಪೂರ್ತಿ ಸುತ್ತು ಹಾಕುವಾಗ ಒಂದೇ ಗಾಳಿ ಬೆನ್ನಿಗೂ ಸಿಗುತ್ತದೆ, ಎದೆಗೂ ಸಿಗುತ್ತದೆ.